ಗಿರಣಿ ಆಫೀಸಿನ ಸರ್ವರ್‌ಗೆ ಉಬುಂಟು ಬದಲು ಫ್ರೀಬಿಎಸ್‌ಡಿ: ಸಾವ್ಕಾರ್ರಿಗೆ ಹೇಳೋದು ಹೇಗೆ?

ಕಾಟಾಚೀಟಿ (ಗಂಗಾವತಿ)

ಎಲ್ಲರಿಗೂ ನಮಸ್ಕಾರ. ಗಂಗಾವತಿ ಕಡೆಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ಕಂಪ್ಯೂಟರ್ ಸ್ವಲ್ಪ ಗೊತ್ತು ಅಂತ ಸರ್ವರ್ ಕೂಡ ನನ್ನ ಕೊರಳಿಗೇ ಬಿದ್ದಿದೆ.

ಸರ್ವರ್ ಅಂದರೆ ದೊಡ್ಡದೇನಲ್ಲ. ಒಂದು ಡಬ್ಬ, ಒಳಗೆ ಉಬುಂಟು 20.04 (ಲಿನಕ್ಸ್‌ನ ಒಂದು ಬಗೆ, ವಿಂಡೋಸ್‌ನಂತೆ ಒಂದು ಆಪರೇಟಿಂಗ್ ಸಿಸ್ಟಂ, ಅಂದರೆ ಓಎಸ್). ಟ್ಯಾಲಿ ಡೇಟಾ, ಲಾರಿ ಕಾಟಾದ ಚೀಟಿಗಳು, ಬಿಲ್ಲುಗಳ ಸ್ಕ್ಯಾನ್, ಭತ್ತ ಖರೀದಿಯ ದರಪಟ್ಟಿ, ಎಲ್ಲ ಸಾಂಬಾ (ವಿಂಡೋಸ್ ಮಿಷಿನ್‌ಗಳಿಗೆ ಫೈಲ್ ಹಂಚುವ ಸಾಫ್ಟ್‌ವೇರ್) ಮೂಲಕ ಅದರಲ್ಲೇ ಇದೆ. ಟೇಬಲ್ ಮೇಲಿನ ಮಿಷಿನ್‌ಗಳೆಲ್ಲ ವಿಂಡೋಸ್. 20.04ರ ಮಾಮೂಲಿ ಬೆಂಬಲ 2025ರ ಮೇ ತಿಂಗಳಿಗೇ ಮುಗಿದಿದೆ. ಹೇಗೂ ಬದಲಾಯಿಸಲೇಬೇಕು.

ಮನೆಯಲ್ಲಿ ಫ್ರೀಬಿಎಸ್‌ಡಿ ಬಳಸುತ್ತೇನೆ, ಲಿನಕ್ಸ್ ಅಲ್ಲದ ಇನ್ನೊಂದು ಉಚಿತ ಓಎಸ್. ಇಷ್ಟ ಆಗಿದೆ. ಆಫೀಸಿಗೂ ಅದನ್ನೇ ಹಾಕಬೇಕು ಅಂತ ಆಸೆ. ಮುಖ್ಯ ಕಾರಣ ಕರೆಂಟು. ನಮ್ಮ ಕಡೆ ಬೇಸಿಗೆ ಸೆಖೆಗೆ ಯುಪಿಎಸ್ ಬ್ಯಾಟರಿ ಬೇಗ ಕೈ ಕೊಡುತ್ತದೆ. ಜನರೇಟರ್ ಶುರುವಾಗುವಷ್ಟರಲ್ಲಿ ಡಬ್ಬ ಆಫ್ ಆಗಿರುತ್ತದೆ. ಮತ್ತೆ ಆನ್ ಮಾಡಿದರೆ ಡಿಸ್ಕ್ ಚೆಕ್ ಅಂತ ಕೂರುತ್ತದೆ. ಹೊರಗೆ ಕಾಟಾ ಮುಂದೆ ಲಾರಿ ಸಾಲು, ಡ್ರೈವರ್‌ಗಳ ಹಾರ್ನು.

ಸಾವ್ಕಾರ್ರ ಹತ್ತಿರ ವಿಷಯ ಎತ್ತಿದೆ. "ಈಗಿರೋದು ನಡೀತೈತಲ್ಲಪ್ಪಾ, ಯಾಕ ಕೈ ಹಾಕ್ತಿ?" ಅಂದರು. ಅವರ ಮಗ "ಅದೂ ಫ್ರೀ, ಇದೂ ಫ್ರೀ, ಮತ್ತೇನು ಫರಕು?" ಅಂದ. ಒಂದು ಪುಟ ಬರೆದುಕೊಂಡು ಬಾ, ಓದುತ್ತೇವೆ ಅಂದಿದ್ದಾರೆ. ಏನು ಬರೆಯಲಿ?

ಐದನೇಸೆಮ್ (ಬಳ್ಳಾರಿ)

ಅಣ್ಣಾ, ಇದು ಬಹಳ ಸುಲಭ. ನೆಟ್‌ಫ್ಲಿಕ್ಸ್ ಸಿನಿಮಾ ಹಂಚುವ ಡಬ್ಬಗಳಲ್ಲಿ ಓಡುವುದು ಫ್ರೀಬಿಎಸ್‌ಡಿ. ಪ್ಲೇಸ್ಟೇಷನ್ 4ರ ಒಳಗಿರುವುದೂ ಅದರಿಂದಲೇ ಬಂದದ್ದು. ಜುನಿಪರ್ ರೌಟರ್‌ಗಳ ಜುನೋಸ್ ಕೂಡ ಅದರ ಮೇಲೆ ಕಟ್ಟಿದ್ದು. 2012ರಲ್ಲಿ ವಾಟ್ಸಾಪ್ ಒಂದೇ ಸರ್ವರ್‌ನಲ್ಲಿ 20 ಲಕ್ಷ ಕನೆಕ್ಷನ್ ಹಿಡಿದು ತೋರಿಸಿತು, ಅದೂ ಫ್ರೀಬಿಎಸ್‌ಡಿ ಮೇಲೆ. ಇಷ್ಟು ಹೇಳಿದರೆ ಯಾರು ಬೇಡ ಅಂತಾರೆ?

ನೈಟ್‌ಶಿಫ್ಟ್ (ತೋರಣಗಲ್ಲು)

ತಮ್ಮಾ, ಹೇಳಿದ್ದೆಲ್ಲ ನಿಜ. ಆದರೆ ನೆಟ್‌ಫ್ಲಿಕ್ಸ್ ಅಂದರೆ ಸಾವ್ಕಾರ್ರು "ಆಫೀಸಿನ್ಯಾಗ ಸಿನಿಮಾ ನೋಡ್ತೀರೇನು?" ಅಂತ ಕೇಳುತ್ತಾರೆ. ವಾಟ್ಸಾಪ್ ಕೂಡ ಫೇಸ್‌ಬುಕ್ ಕೈಗೆ ಹೋದ ಮೇಲೆ ಲಿನಕ್ಸ್‌ಗೆ ಬದಲಾಯಿತು. ಆ ಮಗನಿಗೆ ಅದು ಗೊತ್ತಿದ್ದರೆ ನಿಮ್ಮ ಪುಟ ಅಲ್ಲಿಗೇ ಮುಗಿಯಿತು.

ಕಾಟಾಚೀಟಿಯವರೇ, ನಾನು ಸ್ಟೀಲ್ ಕಡೆಯ ಗುತ್ತಿಗೆ ಕಂಪನಿಯೊಂದರಲ್ಲಿ ಸಿಸ್ಟಂ ನೋಡುವವನು. ಇಂಥ ಪುಟ ಬಹಳ ಬರೆದಿದ್ದೇನೆ. ನನ್ನ ಸಲಹೆ ಇಷ್ಟೇ. ಮೊದಲ ಅರ್ಧ ಪುಟದಲ್ಲಿ ಓಎಸ್ ಹೆಸರೇ ಬರಬಾರದು. ಏನು ಕಳೆದುಕೊಂಡರೆ ಗಿರಣಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಂತರೆ ತಡೆಯಬಹುದು, ಈಗ ನಿಂತರೆ ಎಷ್ಟು ಹೊತ್ತಿಗೆ ಎದ್ದೇಳುತ್ತದೆ. ಇಷ್ಟು ಬರೆಯಿರಿ. ಹೆಸರು ಆಮೇಲೆ.

ಡೆಬಿಯನ್‌ಸಿದ್ದ (ರಾಯಚೂರು)

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರಾಗಬೇಡಿ.

ನಿಮಗೆ ಬೇಕಾಗಿರುವುದು ಫ್ರೀಬಿಎಸ್‌ಡಿ ಅಲ್ಲ, ಅದರ ಜೊತೆ ಬರುವ ಝಡ್‌ಎಫ್‌ಎಸ್, ಅಂದರೆ ಕರೆಂಟು ಹೋದರೂ ಕೆಡದ ಹಾಗೆ ಡಿಸ್ಕಿನಲ್ಲಿ ಫೈಲ್ ಇಡುವ ವ್ಯವಸ್ಥೆ. ಅದು ಲಿನಕ್ಸ್‌ನಲ್ಲೂ ಇದೆ. 2020ರಲ್ಲಿ ಓಪನ್‌ಝಡ್‌ಎಫ್‌ಎಸ್ 2.0 ಬಂದಾಗಿನಿಂದ ಎರಡೂ ಕಡೆ ಒಂದೇ ಕೋಡ್. ಉಬುಂಟು 16.04ರಿಂದಲೇ ಅದನ್ನು ಕರ್ನಲ್ (ಓಎಸ್‌ನ ತಿರುಳು) ಜೊತೆ ರೆಡಿ ಮಾಡಿ ಕೊಡುತ್ತಿದೆ. ಇನ್ನೊಂದು ಲಿನಕ್ಸ್ ಆದ ಡೆಬಿಯನ್‌ನಲ್ಲೂ ಹಾಕಿಕೊಳ್ಳಬಹುದು. ಟ್ರೂನ್ಯಾಸ್ ನೋಡಿ. ಫ್ರೀಬಿಎಸ್‌ಡಿ ಮೇಲೆ ಹುಟ್ಟಿ ಬೆಳೆದ ಸ್ಟೋರೇಜ್ ಸಿಸ್ಟಂ ಅದು. ಮಾಡುವವರೇ ಈಗ ಡೆಬಿಯನ್ ತಳಹದಿಗೆ ಬಂದು ಕೂತಿದ್ದಾರೆ. ಇದಕ್ಕೆ ಏನು ಹೇಳುತ್ತೀರಿ?

ಇನ್ನೊಂದು. 2025ರ ಆಗಸ್ಟಲ್ಲಿ ಬಂದ ಡೆಬಿಯನ್ 13 ಹಾಕಿ. ಮೂರು ವರ್ಷ ಪೂರ್ತಿ ಬೆಂಬಲ, ಮೇಲೆ ಎರಡು ವರ್ಷ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲ). ಸುಮ್ನೆ ಇಟ್ಟುಬಿಡಬಹುದು. ಫ್ರೀಬಿಎಸ್‌ಡಿಯಲ್ಲಿ ದೊಡ್ಡ ಶಾಖೆಗೆ ವರ್ಷಗಟ್ಟಲೆ ಬೆಂಬಲ ಅಂತಾರೆ. ಆದರೆ ಒಳಗಿನ ಒಂದೊಂದು ಚಿಕ್ಕ ಬಿಡುಗಡೆಗೂ ಮುಂದಿನದು ಬಂದ ಮೂರು ತಿಂಗಳಿಗೆ ಗಡುವು. ಹಾಗಾಗಿ ಮೇಲಿಂದ ಮೇಲೆ ಹತ್ತುತ್ತಲೇ ಇರಬೇಕು.

ಕೊನೆಗೆ, ನೀವು ನೌಕರಿ ಬಿಟ್ಟರೆ? ಗಂಗಾವತಿಯಲ್ಲಾಗಲಿ ರಾಯಚೂರಲ್ಲಾಗಲಿ ಉಬುಂಟು ಮುಟ್ಟಿದ ಹುಡುಗರು ಸಿಗುತ್ತಾರೆ, ಇಂಜಿನಿಯರಿಂಗ್ ಕಾಲೇಜು ಲ್ಯಾಬಲ್ಲೇ ಕಲಿತಿರುತ್ತಾರೆ. ಫ್ರೀಬಿಎಸ್‌ಡಿ ಗೊತ್ತಿರುವವನನ್ನು ಎಲ್ಲಿಂದ ತರುತ್ತೀರಿ?

ಜೀನ್ಸ್‌ಗಲ್ಲಿ (ಬಳ್ಳಾರಿ)

ಸಿದ್ದಣ್ಣ ಬಂದರು, ಇನ್ನು ಮಜಾ.

ನಮ್ಮ ಜೀನ್ಸ್ ಯೂನಿಟ್‌ನಲ್ಲಿ ಪೀಸ್ ಲೆಕ್ಕದ ಸಾಫ್ಟ್‌ವೇರ್ ಡಾಕರ್‌ನಲ್ಲಿ (ಸಾಫ್ಟ್‌ವೇರನ್ನು ಬೇಕಾದ್ದೆಲ್ಲದರ ಸಮೇತ ಬೇರೆ ಪೆಟ್ಟಿಗೆಯಲ್ಲಿಟ್ಟಂತೆ ಓಡಿಸುವ ವ್ಯವಸ್ಥೆ) ಓಡುತ್ತದೆ. ಮಾಡಿಕೊಟ್ಟವರು ಹಾಗೇ ಕೊಟ್ಟಿದ್ದಾರೆ. ಫ್ರೀಬಿಎಸ್‌ಡಿ ಹಾಕಿದರೆ ಅದು ನಡೆಯುತ್ತಾ?

ನೈಟ್‌ಶಿಫ್ಟ್ (ತೋರಣಗಲ್ಲು)

ಡಾಕರ್ ನೇರವಾಗಿ ಇಲ್ಲ. ಫ್ರೀಬಿಎಸ್‌ಡಿಯಲ್ಲಿ ಅಂಥದ್ದೇ ಕೆಲಸಕ್ಕೆ ಜೈಲ್ ಇದೆ. 2000ದಲ್ಲಿ ಬಂದ 4.0ರಿಂದಲೇ ಇದೆ, ಡಾಕರ್ ಹುಟ್ಟುವುದಕ್ಕಿಂತ ಎಷ್ಟೋ ಮೊದಲು. ಗಟ್ಟಿ ವ್ಯವಸ್ಥೆ. ಆದರೆ ನಿಮ್ಮ ಸಾಫ್ಟ್‌ವೇರ್ ಕೊಟ್ಟವರು ಡಾಕರ್ ಅಂದಿದ್ದರೆ ಲಿನಕ್ಸಲ್ಲೇ ಇಡಿ. ಬೀಹೈವ್ (ಫ್ರೀಬಿಎಸ್‌ಡಿಯ ವಿಎಂ ಸಾಫ್ಟ್‌ವೇರ್) ಒಳಗೆ ಲಿನಕ್ಸ್ ವಿಎಂ, ಅಂದರೆ ಮಿಷಿನ್ ಒಳಗೊಂದು ಮಿಷಿನ್, ಎಬ್ಬಿಸಿ ಅದರೊಳಗೆ ಡಾಕರ್ ಓಡಿಸಬಹುದು. ಆದರೆ ಅಷ್ಟು ಸುತ್ತು ಯಾಕೆ?

ಹತ್ತಿಮಿಲ್ಲಿನವಳು (ರಾಯಚೂರು)

ಸಿದ್ದಣ್ಣನವರ ಪ್ರಶ್ನೆಗಳು ಸರಿಯಾಗಿವೆ. ಒಂದೊಂದಾಗಿ ಹೇಳುತ್ತೇನೆ. ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲೊಂದರಲ್ಲಿ ಫ್ರೀಬಿಎಸ್‌ಡಿ ಫೈಲ್ ಸರ್ವರ್ ನಡೆಸುತ್ತಿದ್ದೇನೆ.

ಝಡ್‌ಎಫ್‌ಎಸ್ ಎರಡೂ ಕಡೆ ಒಂದೇ, ಒಪ್ಪುತ್ತೇನೆ. ಕೂರಿಸಿದ ರೀತಿ ಮಾತ್ರ ಬೇರೆ. ಝಡ್‌ಎಫ್‌ಎಸ್ ಲೈಸೆನ್ಸ್ ಸಿಡಿಡಿಎಲ್, ಲಿನಕ್ಸ್ ಕರ್ನಲ್‌ದು ಜಿಪಿಎಲ್. ಎರಡಕ್ಕೂ ಕೂಡಿ ಬರದ ಕಾರಣ ಅದು ಲಿನಕ್ಸ್ ಕರ್ನಲ್ ಒಳಗೆ ಸೇರಿಲ್ಲ. ಡೆಬಿಯನ್‌ನಲ್ಲಿ ಅದು ಡಿಕೆಎಂಎಸ್ (ಕರ್ನಲ್‌ಗೆ ಜೋಡಿಸುವ ತುಂಡನ್ನು, ಅಂದರೆ ಮಾಡ್ಯೂಲನ್ನು, ನಿಮ್ಮ ಮಿಷಿನ್‌ನಲ್ಲೇ ಕಟ್ಟುವ ವ್ಯವಸ್ಥೆ) ಮೂಲಕ ಬರುತ್ತದೆ. ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಮಾಡ್ಯೂಲ್ ಹೊಸದಾಗಿ ಕಂಪೈಲ್ ಆಗಬೇಕು. ಬಹಳ ಸಲ ಸುಮ್ಮನೆ ಆಗುತ್ತದೆ. ಹೆಡರ್ ಪ್ಯಾಕೇಜ್ ಹೊಂದದೆ ಒಂದು ಸಲ ಆಗಲಿಲ್ಲ ಅಂದರೆ ಬೆಳಿಗ್ಗೆ ಡೇಟಾ ಡಿಸ್ಕೇ ಕಾಣುವುದಿಲ್ಲ. ಉಬುಂಟುವಿನಲ್ಲಿ ಈ ತೊಂದರೆ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ಫ್ರೀಬಿಎಸ್‌ಡಿಯಲ್ಲಿ ಅದು 2008ರ 7.0ರಿಂದ ಮೂಲ ಸಿಸ್ಟಂ ಜೊತೆಯಲ್ಲೇ ಬರುತ್ತದೆ. ಒಟ್ಟಿಗೆ ಪರೀಕ್ಷೆ, ಒಟ್ಟಿಗೆ ಅಪ್‌ಡೇಟ್.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಬೂಟ್ ಎನ್ವಿರಾನ್‌ಮೆಂಟ್. ಇನ್‌ಸ್ಟಾಲ್ ಮಾಡುವಾಗ ಝಡ್‌ಎಫ್‌ಎಸ್ ಆರಿಸಿದರೆ ಸಾಕು, ಓಎಸ್ ಕೂಡ ಅದರ ಮೇಲೇ ಕೂರುತ್ತದೆ. ಅಪ್‌ಡೇಟ್ ಹಾಕುವ ಮೊದಲು ಅದೇ ತಾನಾಗಿ ಈಗಿನ ಸ್ಥಿತಿಯ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಅಪ್‌ಡೇಟ್ ಕೆಟ್ಟರೆ ರೀಬೂಟ್ ಮಾಡಿ, ಬೂಟ್ ಮೆನುವಿನಲ್ಲಿ ಹಳೆಯದನ್ನು ಆರಿಸಿ. ಎದ್ದು ಕೂರುತ್ತದೆ. ಸಿದ್ದಣ್ಣ ಹೇಳಿದ "ಮೇಲಿಂದ ಮೇಲೆ ಹತ್ತುವುದು" ಇದೆಯಲ್ಲ, ಇದರಿಂದಾಗಿ ನನಗೆ ಅದರ ಹೆದರಿಕೆ ಹೋಗಿದೆ. 14ರ ಶಾಖೆಗೆ 2028ರ ನವೆಂಬರ್‌ವರೆಗೆ ಬೆಂಬಲ ಇದೆ, ಅದರೊಳಗಿನ ಹತ್ತುವಿಕೆ ಭಾನುವಾರದ ಕೆಲಸ.

ಕರೆಂಟಿನ ವಿಷಯ. ಝಡ್‌ಎಫ್‌ಎಸ್ ಹಳೆಯ ಬ್ಲಾಕಿನ ಮೇಲೆ ಬರೆಯುವುದಿಲ್ಲ. ಹೊಸ ಜಾಗದಲ್ಲಿ ಬರೆದು, ಪೂರ್ತಿ ಆದ ಮೇಲೆ ಗುರುತು ಬದಲಾಯಿಸುತ್ತದೆ. ನಡುವೆ ಕರೆಂಟು ಹೋದರೆ ಹಳೆಯದು ಹಾಗೇ ಇರುತ್ತದೆ. ಡಿಸ್ಕ್ ಚೆಕ್ ಅಂತ ಕಾಯುವ ಮಾತಿಲ್ಲ. ಆದರೆ "ಏನೂ ಹೋಗಲ್ಲ" ಅಂತ ಮಾತ್ರ ಬರೆಯಬೇಡಿ. ಮೆಮೊರಿಯಲ್ಲಿ ಇನ್ನೂ ಡಿಸ್ಕಿಗೆ ಇಳಿಯದ ಕೊನೆಯ ಕೆಲವು ಸೆಕೆಂಡಿನ ಬರವಣಿಗೆ ಹೋಗಬಹುದು. ಮಾಮೂಲಿಯಾಗಿ 5 ಸೆಕೆಂಡಿಗೊಮ್ಮೆ ಇಳಿಸುತ್ತದೆ. ಟ್ಯಾಲಿ ಎಂಟ್ರಿ ಅರ್ಧಕ್ಕೆ ನಿಂತರೆ ಅದು ಟ್ಯಾಲಿ ಹಣೆಬರಹ. ಯುಪಿಎಸ್ ಬ್ಯಾಟರಿ ಬದಲಾಯಿಸಲೇಬೇಕು. ನಟ್ ಅನ್ನುವ ಪ್ಯಾಕೇಜ್ ಹಾಕಿ ಯುಎಸ್‌ಬಿ ವೈರ್ ಕೊಟ್ಟರೆ ಬ್ಯಾಟರಿ ಇಳಿದಾಗ ಸರ್ವರ್ ತಾನೇ ಸರಿಯಾಗಿ ಶಟ್‌ಡೌನ್ ಆಗುತ್ತದೆ. ಅದು ಎರಡೂ ಓಎಸ್‌ಗೆ ಇದೆ.

ಕೊನೆಯ ಪ್ರಶ್ನೆ, ನೀವು ಹೋದರೆ ಯಾರು ಅನ್ನುವುದು. ಅದಕ್ಕೆ ನನ್ನ ಹತ್ತಿರ ತಾಂತ್ರಿಕ ಉತ್ತರ ಇಲ್ಲ. ಅದಕ್ಕೆ ಬೇರೆ ಕೆಲಸ ಮಾಡಬೇಕು, ಕೆಳಗೆ ಹೇಳುತ್ತೇನೆ.

ಐದನೇಸೆಮ್ (ಬಳ್ಳಾರಿ)

ಅಕ್ಕಾ, ಸೆಕ್ಯೂರಿಟಿ ಬಿಟ್ಟೇಬಿಟ್ಟಿರಿ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಅನ್ನುವ ಫೈಲ್ ಕುಗ್ಗಿಸುವ ಸಾಫ್ಟ್‌ವೇರ್‌ನಲ್ಲಿ ಕಳ್ಳಬಾಗಿಲು ಸಿಕ್ಕಿತಲ್ಲ, ಫ್ರೀಬಿಎಸ್‌ಡಿಗೆ ಏನೂ ಆಗಲಿಲ್ಲ. ಇದನ್ನು ಬರೆಯಬಹುದಲ್ವಾ?

ಡೆಬಿಯನ್‌ಸಿದ್ದ (ರಾಯಚೂರು)

ತಮ್ಮಾ, ಅದು 5.6.0 ಮತ್ತು 5.6.1ರಲ್ಲಿತ್ತು. ಡೆಬಿಯನ್ ಸ್ಟೇಬಲ್‌ಗೆ ಆ ಆವೃತ್ತಿ ಬಂದೇ ಇರಲಿಲ್ಲ. ಇನ್ನೂ ತಯಾರಾಗುತ್ತಿರುವ ಟೆಸ್ಟಿಂಗ್ ಮತ್ತು ಅನ್‌ಸ್ಟೇಬಲ್ ಓಡಿಸುವವರಿಗೆ ತಟ್ಟಿತು. ಗಿರಣಿಯಲ್ಲಿ ಅನ್‌ಸ್ಟೇಬಲ್ ಯಾರು ಹಾಕುತ್ತಾರೆ? ಅಂಥದ್ದನ್ನು ಬರೆದು ಕೊಟ್ಟು ಯಾರಾದರೂ ತಿರುಗಿ ಕೇಳಿದರೆ ಪುಟದ ಬಾಕಿ ಮಾತೂ ಸುಳ್ಳಾಗುತ್ತದೆ.

ಅದೇ ರೀತಿ 2023ರ ನವೆಂಬರಲ್ಲಿ ಝಡ್‌ಎಫ್‌ಎಸ್‌ನಲ್ಲೇ ಒಂದು ಬಗ್ ಹೊರಬಂತು. ಕಾಪಿ ಮಾಡಿದ ಫೈಲಿನಲ್ಲಿ ಸದ್ದಿಲ್ಲದೆ ಸೊನ್ನೆಗಳು ತುಂಬಬಹುದಿತ್ತು. 2.2.2ರಲ್ಲಿ ಸರಿಮಾಡಿದರು. ಲಿನಕ್ಸ್, ಫ್ರೀಬಿಎಸ್‌ಡಿ ಎರಡಕ್ಕೂ ಅಂಟಿದ ಬಗ್ ಅದು. ಝಡ್‌ಎಫ್‌ಎಸ್ ಇದೆ, ಬ್ಯಾಕಪ್ ಬೇಡ ಅನ್ನುವವರಿಗೆ ಇದನ್ನು ತೋರಿಸಬೇಕು.

ಹತ್ತಿಮಿಲ್ಲಿನವಳು (ರಾಯಚೂರು)

ಎರಡೂ ಸರಿ ಸಿದ್ದಣ್ಣಾ.

ಸಿರುಗುಪ್ಪಸಿಎ

ನಡುವೆ ಬಾಯಿ ಹಾಕುತ್ತೇನೆ. ನಾನು ಕಂಪ್ಯೂಟರ್ ಮನುಷ್ಯ ಅಲ್ಲ, ಗಿರಣಿಗಳ ಆಡಿಟ್ ಮಾಡುವವನು.

ನಿಮ್ಮ ಗಿರಣಿ ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಒಂದು ಮಾತು ಪುಟದಲ್ಲಿ ಹಾಕಿ. 2022ರ ಆಗಸ್ಟ್‌ನಲ್ಲಿ ತಿದ್ದಿದ ಕಂಪನಿ ಲೆಕ್ಕಪತ್ರ ನಿಯಮದ ಪ್ರಕಾರ ಕಂಪ್ಯೂಟರ್‌ನಲ್ಲಿರುವ ಲೆಕ್ಕದ ಬ್ಯಾಕಪ್ ಪ್ರತಿದಿನ ಆಗಬೇಕು, ಆ ಸರ್ವರ್ ಭಾರತದಲ್ಲೇ ಇರಬೇಕು. ಮೊದಲು "ಆಗಾಗ" ಅಂತಿತ್ತು. 2023ರ ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ತಿದ್ದುಪಡಿ ದಾಖಲೆಯೂ ಕಡ್ಡಾಯ. ಎರಡನೆಯದನ್ನು ಟ್ಯಾಲಿ ನೋಡಿಕೊಳ್ಳುತ್ತದೆ. ಮೊದಲನೆಯದು ನಿಮ್ಮ ಸರ್ವರ್ ಕೆಲಸ. ಪಾಲುದಾರಿಕೆ ಫರ್ಮ್ ಆಗಿದ್ದರೆ ಈ ನಿಯಮ ನೇರವಾಗಿ ತಟ್ಟುವುದಿಲ್ಲ, ಸುಮ್ನೆ ಹೆದರಿಸಬೇಡಿ.

ಸಾವ್ಕಾರ್ರು ಕಂಪ್ಯೂಟರ್ ಹುಡುಗನ ಮಾತು ಕೇಳದಿದ್ದರೂ ಸಿಎ ಮಾತು ಕೇಳುತ್ತಾರೆ. ಅನುಭವದ ಮಾತು.

ಕಾಟಾಚೀಟಿ (ಗಂಗಾವತಿ)

ಎಲ್ಲರಿಗೂ ಥ್ಯಾಂಕ್ಸ್. ಸಿಎ ಸರ್, ನಮ್ಮದು ಪ್ರೈವೇಟ್ ಲಿಮಿಟೆಡ್ಡೇ. ಮೊದಲ ಕರಡು ಹಾಕುತ್ತಿದ್ದೇನೆ, ತಿದ್ದಿ.

"ವಿಷಯ: ಆಫೀಸ್ ಸರ್ವರ್‌ಗೆ ಫ್ರೀಬಿಎಸ್‌ಡಿ ಅಳವಡಿಸುವ ಬಗ್ಗೆ. ಫ್ರೀಬಿಎಸ್‌ಡಿ 1993ರಿಂದ ಬೆಳೆದು ಬಂದ ಸಂಪೂರ್ಣ ಆಪರೇಟಿಂಗ್ ಸಿಸ್ಟಂ. ಇದರಲ್ಲಿ ಕರ್ನಲ್ ಮತ್ತು ಯೂಸರ್‌ಲ್ಯಾಂಡ್ ಒಂದೇ ತಂಡದಿಂದ ಬರುತ್ತವೆ. ಝಡ್‌ಎಫ್‌ಎಸ್ ಕಡತ ವ್ಯವಸ್ಥೆ ಕಾಪಿ-ಆನ್-ರೈಟ್ ತತ್ವದ ಮೇಲೆ ಕೆಲಸ ಮಾಡುತ್ತದೆ. ಪ್ರತಿ ಬ್ಲಾಕಿಗೂ ಚೆಕ್‌ಸಮ್ ಇರುತ್ತದೆ. ಲೈಸೆನ್ಸ್ ಉದಾರವಾದದ್ದು. ಆದ್ದರಿಂದ ಅನುಮತಿ ಕೊಡಬೇಕಾಗಿ ವಿನಂತಿ."

ನೈಟ್‌ಶಿಫ್ಟ್ (ತೋರಣಗಲ್ಲು)

ಇದು ಸಂಬಂಧ ನೋಡಲು ಬಂದವರಿಗೆ ಹುಡುಗನ ಎಕ್ಸ್‌ರೇ ತೋರಿಸಿದ ಹಾಗಾಯಿತು. ಎಲುಬು ಗಟ್ಟಿ ಇದೆ ಸರಿ, ಹುಡುಗ ಏನು ಮಾಡುತ್ತಾನೆ?

ಹತ್ತಿಮಿಲ್ಲಿನವಳು (ರಾಯಚೂರು)

ನಗಬೇಡಿ, ಎಲ್ಲರೂ ಮೊದಲು ಹೀಗೇ ಬರೆಯುವುದು.

ಒಂದೊಂದು ಸಾಲಿನ ಮುಂದೂ "ಅದರಿಂದ ನಮಗೇನು?" ಅಂತ ಕೇಳಿ. ಕರ್ನಲ್, ಯೂಸರ್‌ಲ್ಯಾಂಡ್ ಒಂದೇ ತಂಡ: ಸಾವ್ಕಾರ್ರಿಗೆ ಏನೂ ಇಲ್ಲ, ತೆಗೆಯಿರಿ. ಲೈಸೆನ್ಸ್ ಉದಾರ: ನೀವು ಆ ಕೋಡ್ ಮಾರಲು ಹೊರಟಿಲ್ಲ, ತೆಗೆಯಿರಿ. ಚೆಕ್‌ಸಮ್: ಇದನ್ನು ಇಟ್ಟುಕೊಳ್ಳಿ, ಮಾತು ಬದಲಾಯಿಸಿ. "ಡಿಸ್ಕ್ ಹಳೆಯದಾಗಿ ಯಾವುದೋ ಬಿಲ್ಲಿನ ಒಂದು ಅಂಕಿ ಕೆಟ್ಟರೆ ಈಗ ನಮಗೆ ಗೊತ್ತೇ ಆಗುವುದಿಲ್ಲ. ಹೊಸದರಲ್ಲಿ ಅದು ಗುರುತು ಹಿಡಿದು, ಇನ್ನೊಂದು ಡಿಸ್ಕಿನ ಪ್ರತಿಯಿಂದ ಸರಿಮಾಡಿಕೊಳ್ಳುತ್ತದೆ." ಅಂದರೆ ಎರಡು ಡಿಸ್ಕ್ ಮಿರರ್ (ಎರಡರಲ್ಲೂ ಅದೇ ಡೇಟಾ) ಹಾಕಬೇಕು, ಒಂದೇ ಡಿಸ್ಕ್ ಇದ್ದರೆ ಕೆಟ್ಟಿದೆ ಅಂತ ಹೇಳುತ್ತದೆ, ಸರಿಮಾಡಲು ಅದಕ್ಕೆ ಎಲ್ಲಿಂದ ಬರಬೇಕು.

ಪುಟದ ಜೀವ ಸ್ನ್ಯಾಪ್‌ಶಾಟ್, ಅಂದರೆ ಒಂದು ಕ್ಷಣದಲ್ಲಿ ಫೈಲುಗಳೆಲ್ಲ ಹೇಗಿದ್ದವೋ ಹಾಗೇ ಹಿಡಿದಿಟ್ಟ ಸ್ಥಿತಿ. ಅದನ್ನು ಬರೆಯುವುದಕ್ಕಿಂತ ತೋರಿಸಿ. ನಮ್ಮಲ್ಲಿ ನಾನು ತೋರಿಸಿದ್ದು ಹೀಗೆ. ಸಾಂಬಾದಲ್ಲಿ ಶ್ಯಾಡೋ ಕಾಪಿ ಅನ್ನುವ ಮಾಡ್ಯೂಲ್ ಇದೆ. ಅದನ್ನು ಹಾಕಿ ಗಂಟೆಗೊಂದು ಸ್ನ್ಯಾಪ್‌ಶಾಟ್ ಇಟ್ಟರೆ ವಿಂಡೋಸ್ ಕಡೆಯಿಂದಲೇ ಹಳೆಯ ಪ್ರತಿ ಸಿಗುತ್ತದೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಪ್ರೀವಿಯಸ್ ವರ್ಷನ್ಸ್. ಹತ್ತು ಗಂಟೆಯದು, ಹನ್ನೊಂದು ಗಂಟೆಯದು ಅಂತ ಸಾಲಾಗಿ ಕಾಣುತ್ತವೆ. ಬೇಕಾದ್ದನ್ನು ತೆರೆದು ಕಾಪಿ ಮಾಡಿಕೊಳ್ಳಿ. ಸರ್ವರ್ ಮುಟ್ಟುವ ಕೆಲಸವೇ ಇಲ್ಲ. ಯಾರದೋ ಮಿಷಿನ್‌ಗೆ ರ‍್ಯಾನ್ಸಮ್‌ವೇರ್ ಹೊಕ್ಕು ಶೇರ್‌ನಲ್ಲಿರುವುದನ್ನೆಲ್ಲ ಬೀಗ ಹಾಕಿದರೂ, ಅಲ್ಲಿಂದ ಹಳೆಯ ಸ್ನ್ಯಾಪ್‌ಶಾಟ್ ಅಳಿಸಲು ಆಗುವುದಿಲ್ಲ. ಸರ್ವರ್‌ನ ರೂಟ್ ಪಾಸ್‌ವರ್ಡ್ ಆ ಮಿಷಿನ್‌ನಲ್ಲಿ ಬರೆದಿಟ್ಟಿರಬಾರದು ಅಷ್ಟೇ!

ಟ್ಯಾಲಿ ಬಗ್ಗೆ ಒಂದು ಎಚ್ಚರಿಕೆ. ಎಲ್ಲರೂ ಟ್ಯಾಲಿ ತೆರೆದು ಕೂತಿರುವಾಗ ತೆಗೆದ ಸ್ನ್ಯಾಪ್‌ಶಾಟ್ ಅಂದರೆ ಆ ಕ್ಷಣ ಕರೆಂಟು ಹೋದಂತೆಯೇ. ಮಧ್ಯಾಹ್ನ ಊಟಕ್ಕೆ ಎದ್ದಾಗ ಮತ್ತು ರಾತ್ರಿ ಬಾಗಿಲು ಹಾಕುವಾಗ ಟ್ಯಾಲಿಯ ಸ್ವಂತ ಬ್ಯಾಕಪ್ ತೆಗೆದು ಅದೇ ಶೇರ್‌ಗೆ ಹಾಕಿಸಿ. ನಂಬುವುದು ಅದನ್ನು.

ಡೆಬಿಯನ್‌ಸಿದ್ದ (ರಾಯಚೂರು)

ಮೇಡಂ, ಇದಿಷ್ಟೂ ಉಬುಂಟು ಮೇಲೆ ಝಡ್‌ಎಫ್‌ಎಸ್ ಹಾಕಿದರೂ ಆಗುತ್ತದೆ. ಸಾಂಬಾ ಅದೇ ಸಾಂಬಾ.

ಹತ್ತಿಮಿಲ್ಲಿನವಳು (ರಾಯಚೂರು)

ಆಗುತ್ತದೆ. ಅದಕ್ಕೇ ಪುಟದಲ್ಲಿ "ಉಬುಂಟುವಿನಲ್ಲಿ ಇದು ಆಗಲ್ಲ" ಅಂತ ಎಲ್ಲೂ ಬರೆಯಬಾರದು. ಮಗನಿಗೆ ಕಂಪ್ಯೂಟರ್ ಗೊತ್ತಿದ್ದರೆ ಹಿಡಿಯುತ್ತಾನೆ. ಫ್ರೀಬಿಎಸ್‌ಡಿ ಪರವಾಗಿ ಉಳಿಯುವ ಮಾತು ಎರಡೇ. ಒಂದು, ಓಎಸ್ ಸಮೇತ ಹಿಂದಕ್ಕೆ ತಿರುಗಿಸಬಹುದು, ಅದಕ್ಕೆ ಹೆಚ್ಚಿನ ಸೆಟಪ್ ಬೇಡ. ಇನ್ನೊಂದು, ಈ ಡಬ್ಬದಲ್ಲಿ ಫೈಲ್ ಇಡುವುದು ಬಿಟ್ಟು ಬೇರೆ ಕೆಲಸ ಇಲ್ಲ. ಒಂದೇ ಕೆಲಸದ ಮಿಷಿನ್‌ಗೆ ಚಿಕ್ಕ, ಬದಲಾವಣೆ ಕಮ್ಮಿ ಇರುವ ಸಿಸ್ಟಂ ಸಾಕು. ಹತ್ತು ವರ್ಷದ ಹಿಂದಿನ ಆರ್‌ಸಿ ಕಾನ್ಫ್ ಫೈಲ್ ಇವತ್ತೂ ಓದಿದರೆ ಅರ್ಥ ಆಗುತ್ತದೆ. ಸೆಟ್ಟಿಂಗ್ ಬಹಳಷ್ಟು ಆ ಒಂದೇ ಫೈಲಿನಲ್ಲಿ.

ಹಾಜರಿ ಮಿಷಿನ್ ಸಾಫ್ಟ್‌ವೇರ್, ಡಾಕರ್, ಕ್ಯಾಮೆರಾ ರೆಕಾರ್ಡಿಂಗ್ ಎಲ್ಲ ಅದೇ ಡಬ್ಬಕ್ಕೆ ತುಂಬುವ ಯೋಚನೆ ಇದ್ದರೆ ನಾನೇ ಹೇಳುತ್ತೇನೆ, ಲಿನಕ್ಸ್ ಹಾಕಿ.

ಜೀನ್ಸ್‌ಗಲ್ಲಿ (ಬಳ್ಳಾರಿ)

ಹಾರ್ಡ್‌ವೇರ್ ಏನು ತಗೋಬೇಕು ಅಂತಲೂ ಹೇಳಿ. ಅಂಗಡಿಯವನು ಯಾವುದೋ ಬೋರ್ಡ್ ಹಿಡಿಸಿಬಿಡುತ್ತಾನೆ.

ನೈಟ್‌ಶಿಫ್ಟ್ (ತೋರಣಗಲ್ಲು)

ಇಲ್ಲಿ ಫ್ರೀಬಿಎಸ್‌ಡಿ ಸ್ವಲ್ಪ ಗೊಣಗುತ್ತದೆ. ಕಮ್ಮಿ ಬೆಲೆಯ ಬೋರ್ಡ್‌ಗಳಲ್ಲಿ ರಿಯಲ್‌ಟೆಕ್ ನೆಟ್‌ವರ್ಕ್ ಚಿಪ್ ಇರುತ್ತದೆ. ಮೂಲದಲ್ಲಿರುವ ಡ್ರೈವರ್ ಲೋಡ್ ಜಾಸ್ತಿಯಾದಾಗ ಕೆಲವು ಚಿಪ್‌ಗಳಲ್ಲಿ ತಡವರಿಸುತ್ತದೆ. ಪೋರ್ಟ್ಸ್‌ನಲ್ಲಿ (ಫ್ರೀಬಿಎಸ್‌ಡಿಯ ಹೆಚ್ಚುವರಿ ಸಾಫ್ಟ್‌ವೇರ್ ಸಂಗ್ರಹ) ಬೇರೆ ಡ್ರೈವರ್ ಸಿಗುತ್ತದೆ. ಆದರೂ ಇಂಟೆಲ್ ಕಾರ್ಡ್ ಒಂದು ಹಾಕಿಬಿಡಿ, ನಿದ್ದೆ ಬರುತ್ತದೆ. ವೈಫೈ ಮೇಲೆ ಸರ್ವರ್ ನಡೆಸುವ ಯೋಚನೆಯೇ ಬೇಡ.

ಹಾರ್ಡ್‌ವೇರ್ ರೇಡ್ ಕಾರ್ಡ್ (ಡಿಸ್ಕ್‌ಗಳನ್ನು ತಾನೇ ಒಟ್ಟುಗೂಡಿಸುವ ಕಾರ್ಡ್) ಬೇಡ, ಡಿಸ್ಕ್ ನೇರವಾಗಿ ಝಡ್‌ಎಫ್‌ಎಸ್ ಕಣ್ಣಿಗೆ ಕಾಣಬೇಕು. ಡಿಸ್ಕ್ ತರುವಾಗ ಎಸ್‌ಎಂಆರ್ (ಡೇಟಾ ಸಾಲುಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ ಡಿಸ್ಕ್) ಅಲ್ಲ ತಾನೇ ಅಂತ ಮಾಡೆಲ್ ನಂಬರ್ ನೋಡಿ ತನ್ನಿ. ಅವು ಮಿರರ್ ಮತ್ತೆ ಕಟ್ಟುವಾಗ ದಿನಗಟ್ಟಲೆ ಎಳೆಯುತ್ತವೆ. ಒಂದು ಟಿಬಿಗೆ ಒಂದು ಜಿಬಿ ರ‍್ಯಾಮ್ ಬೇಕು ಅನ್ನುವ ಮಾತನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಡೀಡ್ಯೂಪ್ (ಒಂದೇ ಡೇಟಾ ಎರಡು ಸಲ ಇದ್ದರೆ ಒಂದೇ ಸಲ ಇಡುವುದು) ಆನ್ ಮಾಡದಿದ್ದರೆ 8 ಜಿಬಿ ಸಣ್ಣ ಆಫೀಸಿಗೆ ಧಾರಾಳ. ತಪ್ಪನ್ನು ತಾನೇ ತಿದ್ದುವ ಇಸಿಸಿ ರ‍್ಯಾಮ್ ಸಿಕ್ಕರೆ ಒಳ್ಳೆಯದು.

ಇನ್ನು ಗಿರಣಿ ದೂಳು. ತೌಡಿನ ಪುಡಿ ಫ್ಯಾನ್‌ಗೆ ಮೆತ್ತಿಕೊಂಡು ಡಿಸ್ಕ್ ಕಾಯುತ್ತದೆ. ಮೇ ತಿಂಗಳಲ್ಲಿ ಹೊರಗೇ 42 ಡಿಗ್ರಿ. ಯಾವ ಓಎಸ್ ಹಾಕಿದರೂ ಡಬ್ಬವನ್ನು ಕಾಟಾ ರೂಮಿನಿಂದ ಎತ್ತಿ ಒಳಗಿಡಿ.

ಐದನೇಸೆಮ್ (ಬಳ್ಳಾರಿ)

ಕನ್ನಡ ಫೈಲ್ ಹೆಸರು ಸರಿಯಾಗಿ ಬರುತ್ತಾ?

ಹತ್ತಿಮಿಲ್ಲಿನವಳು (ರಾಯಚೂರು)

ಯೂನಿಕೋಡ್‌ನಲ್ಲಿ ಬರೆದದ್ದು ಬರುತ್ತದೆ. ವಿಂಡೋಸ್‌ನಲ್ಲಿ ನೋಡಿದರೆ ನೀಟಾಗಿ ಕಾಣುತ್ತದೆ. ಸರ್ವರ್‌ನ ಕಪ್ಪು ಪರದೆಯಲ್ಲಿ ಒತ್ತಕ್ಷರ ಒಡೆದು ಕಾಣಬಹುದು, ಅದು ಲಿನಕ್ಸ್ ಕನ್ಸೋಲ್‌ನಲ್ಲೂ ಅಷ್ಟೇ. ಹಳೇ ನುಡಿ ಫಾಂಟಿನ ಫೈಲುಗಳಿಗೂ ಸರ್ವರ್‌ಗೂ ಸಂಬಂಧ ಇಲ್ಲ.

ಕಾಟಾಚೀಟಿ (ಗಂಗಾವತಿ)

ಎರಡನೇ ಕರಡು:

"ಸಾವ್ಕಾರ್ರಿಗೆ ನಮಸ್ಕಾರ. ಟ್ಯಾಲಿ ಲೆಕ್ಕ, ಕಾಟಾ ಚೀಟಿ ಮತ್ತು ಖರೀದಿ ಬಿಲ್ಲು ಇವು ಮೂರೂ ಒಂದೇ ಡಬ್ಬದ ಒಂದೇ ಡಿಸ್ಕಿನಲ್ಲಿವೆ. ಆ ಡಿಸ್ಕ್ ಹೋದರೆ ಸುಗ್ಗಿಯಲ್ಲಿ ರೈತರಿಗೆ ದುಡ್ಡು ಕೊಡುವ ಲೆಕ್ಕ ನಿಲ್ಲುತ್ತದೆ. ಡಬ್ಬದಲ್ಲಿರುವ ಸಿಸ್ಟಂಗೆ ಮಾಮೂಲಿ ಬೆಂಬಲ ಮುಗಿದಿರುವುದರಿಂದ ಹೇಗೂ ಹೊಸದು ಹಾಕಬೇಕು.

ನಾನು ಕೇಳುತ್ತಿರುವುದು: ಒಂದು ಹೊಸ ಡಬ್ಬ, ಎರಡು ಡಿಸ್ಕ್, ಯುಪಿಎಸ್‌ಗೆ ಹೊಸ ಬ್ಯಾಟರಿ. ಸಾಫ್ಟ್‌ವೇರ್‌ಗೆ ಖರ್ಚಿಲ್ಲ, ಮೊದಲೂ ಇರಲಿಲ್ಲ.

ಇದರಿಂದ ಆಗುವುದು: ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲುವುದಿಲ್ಲ. ಯಾರಾದರೂ ಫೈಲ್ ಅಳಿಸಿದರೆ ಅಥವಾ ವೈರಸ್ ಕೆಡಿಸಿದರೆ ಒಂದು ಗಂಟೆ ಹಿಂದಿನದು ಸಿಗುತ್ತದೆ. ಕರೆಂಟು ಹೋಗಿ ಬಂದ ಮೇಲೆ ಡಿಸ್ಕ್ ಚೆಕ್‌ಗೆ ಕಾಯಬೇಕಿಲ್ಲ. ದಿನದ ಬ್ಯಾಕಪ್ ಕಾನೂನಿಗೆ ಬೇಕೇ ಬೇಕು, ಸಿಎ ಅವರನ್ನು ಕೇಳಬಹುದು. ಇವೆಲ್ಲ ಉಬುಂಟುವಿನಲ್ಲೂ ಸಾಧ್ಯ. ಫ್ರೀಬಿಎಸ್‌ಡಿ ಯಾಕೆ ಅಂದರೆ ಅದರಲ್ಲಿ ಇವು ಮೊದಲೇ ಸೇರಿವೆ, ಮತ್ತು ಅಪ್‌ಡೇಟ್ ಕೆಟ್ಟರೆ ಸಿಸ್ಟಂ ಪೂರ್ತಿ ಹಿಂದಿನ ಸ್ಥಿತಿಗೆ ಬರುತ್ತದೆ.

ತೊಂದರೆ: ಊರಲ್ಲಿ ಇದು ಗೊತ್ತಿರುವವರು ಕಮ್ಮಿ."

ಕೊನೆಯ ಸಾಲು ಇಡಲಾ, ಬಿಡಲಾ?

ನೈಟ್‌ಶಿಫ್ಟ್ (ತೋರಣಗಲ್ಲು)

ಇಡಿ. ಅವರು ಕೇಳುವ ಮೊದಲೇ ನೀವು ಹೇಳಬೇಕು. ಆದರೆ ಅಲ್ಲಿಗೇ ನಿಲ್ಲಿಸಬೇಡಿ, ಅದಕ್ಕೆ ಏನು ಮಾಡುತ್ತೀರಿ ಅಂತಲೂ ಬರೆಯಿರಿ.

ಹತ್ತಿಮಿಲ್ಲಿನವಳು (ರಾಯಚೂರು)

ಮೇಲೆ ಬಾಕಿ ಇಟ್ಟಿದ್ದು ಇದನ್ನೇ. ಒಂದು ನೋಟ್‌ಬುಕ್ ಮಾಡಿ, ಕನ್ನಡದಲ್ಲಿ, ಕೈಬರಹದಲ್ಲಿ. ಆನ್ ಮಾಡುವುದು, ಆಫ್ ಮಾಡುವುದು, ಡಿಸ್ಕ್ ಸರಿ ಇದೆಯಾ ನೋಡುವುದು, ಕೆಟ್ಟ ಡಿಸ್ಕ್ ಬದಲಾಯಿಸುವುದು, ಹಳೆಯ ಫೈಲ್ ತರುವುದು. ಯಾವ ಡಿಸ್ಕ್ ಯಾವುದು ಅಂತ ಸೀರಿಯಲ್ ನಂಬರ್ ಬರೆದು ಡಿಸ್ಕ್ ಮೇಲೂ ಚೀಟಿ ಅಂಟಿಸಿ. ಪಾಸ್‌ವರ್ಡ್ ಲಕೋಟೆಯಲ್ಲಿ ಹಾಕಿ ತಿಜೋರಿಗೆ. ಬಾಕಿದ್ದಕ್ಕೆ ಹ್ಯಾಂಡ್‌ಬುಕ್ ಇದೆ. ಇಂಗ್ಲಿಷಿನಲ್ಲಿದ್ದರೂ ಅಷ್ಟು ಒಪ್ಪವಾಗಿ ಒಂದೇ ಕಡೆ ಸಿಗುವುದು ಈ ಸಿಸ್ಟಂನ ದೊಡ್ಡ ಅನುಕೂಲ. ಲಿನಕ್ಸ್‌ಗೆ ಹುಡುಕಿದರೆ ನಾಲ್ಕು ಬ್ಲಾಗು ನಾಲ್ಕು ದಾರಿ ಹೇಳುತ್ತವೆ, ಅದರಲ್ಲಿ ಎರಡು ಹಳೆಯವು.

ನೋಟ್‌ಬುಕ್ ಸರಿ ಇದೆಯಾ ಅಂತ ನೋಡಲು ಅದನ್ನು ಗುಮಾಸ್ತರ ಕೈಗೆ ಕೊಟ್ಟು ನೀವು ರೂಮಿನಿಂದ ಹೊರಗೆ ಹೋಗಿ.

ಕಾಟಾಚೀಟಿ (ಗಂಗಾವತಿ)

ಮಾತುಕತೆ ಮುಗಿಯಿತು, ಏನಾಯಿತು ಹೇಳುತ್ತೇನೆ.

ಮನೆಯ ಡಬ್ಬವನ್ನೇ ಆಫೀಸಿಗೆ ಒಯ್ದು ತೋರಿಸಿದೆ. ದರಪಟ್ಟಿಯ ಒಂದು ಪ್ರತಿ ಅದರಲ್ಲಿ ಹಾಕಿ ಅಳಿಸಿದೆ. ಸಾವ್ಕಾರ್ರು ಪರದೆ ಕಡೆ ಜಾಸ್ತಿ ನೋಡಲಿಲ್ಲ. ಪುಟ ಮಾತ್ರ ಕೊನೆಯವರೆಗೆ ಓದಿದರು. "ನೀ ಊರಿಗೆ ಹ್ವಾದ್ರ ಯಾರು ನೋಡಾರು?" ಅಂದರು. ಅದೇ ಪ್ರಶ್ನೆ! ನೋಟ್‌ಬುಕ್ ಗುಮಾಸ್ತರ ಮುಂದಿಟ್ಟೆ. ನಮ್ಮ ಗುಮಾಸ್ತರಿಗೆ ಅರವತ್ತು ದಾಟಿದೆ, ಟ್ಯಾಲಿ ಬಿಟ್ಟರೆ ಬೇರೆ ಮುಟ್ಟಿದವರಲ್ಲ. ಕನ್ನಡಕ ಏರಿಸಿಕೊಂಡು, ಸಾಲಿನ ಮೇಲೆ ಬೆರಳಿಟ್ಟು ಓದುತ್ತಾ, ರೈಟ್ ಕ್ಲಿಕ್ ಮಾಡಿ ಹಳೆಯ ಪಟ್ಟಿ ತಂದರು. "ಇಷ್ಟ ಏನು?" ಅಂದರು. ಸಾವ್ಕಾರ್ರು ನಕ್ಕರು.

ಮಗ ಮಾತ್ರ ಬಿಡಲಿಲ್ಲ. ಅವನ ಷರತ್ತು: ಹಳೆಯ ಡಬ್ಬ ಬಿಸಾಕಬಾರದು. ಅದಕ್ಕೆ ಉಬುಂಟು 24.04 ಹಾಕಿ ಗೋಡೌನ್ ಆಫೀಸಲ್ಲಿಡು, ಹೊಸದರಲ್ಲಿರುವುದೆಲ್ಲ ರಾತ್ರಿ ಅಲ್ಲಿಗೆ ಹೋಗಲಿ. ಈ ಸುಗ್ಗಿ ಮುಗಿಯುವವರೆಗೆ ಹೊಸದು ಸರಿಯಾಗಿ ನಡೆಯದಿದ್ದರೆ ಹಳೆಯದಕ್ಕೇ ವಾಪಸ್. ನಾನು ಒಪ್ಪಿದೆ.

ಫ್ರೀಬಿಎಸ್‌ಡಿಯಿಂದ ಉಬುಂಟುಗೆ ಝಡ್‌ಎಫ್‌ಎಸ್ ಸೆಂಡ್ (ಸ್ನ್ಯಾಪ್‌ಶಾಟನ್ನು ಇನ್ನೊಂದು ಮಿಷಿನ್‌ಗೆ ಕಳಿಸುವುದು) ನಡೆಯುತ್ತದಾ?

ಡೆಬಿಯನ್‌ಸಿದ್ದ (ರಾಯಚೂರು)

ಆ ಮಗ ಜಾಣ. ನಡೆಯುತ್ತದೆ. ಮೊದಲ ಸಲ ಪೂರ್ತಿ ಹೋಗುತ್ತದೆ, ಆಮೇಲೆ ದಿನಾ ಬದಲಾದಷ್ಟೇ. ಒಂದು ಮಾಡಿ: ಹೊಸ ಡಬ್ಬ ತಳ್ಳುವುದು ಬೇಡ, ಗೋಡೌನ್ ಡಬ್ಬವೇ ಬಂದು ಎಳೆದುಕೊಳ್ಳಲಿ. ಹೊಸದಕ್ಕೆ ಯಾರಾದರೂ ನುಗ್ಗಿದರೂ ಅಲ್ಲಿಂದ ಗೋಡೌನ್‌ಗೆ ಹೋಗಲು ಕೀಲಿ ಸಿಗಬಾರದು.

ಉಬುಂಟು ಪ್ರೋ 5 ಮಿಷಿನ್‌ವರೆಗೆ ಉಚಿತ, ಗೋಡೌನ್ ಡಬ್ಬಕ್ಕೆ ಅದನ್ನೂ ಜೋಡಿಸಿ. ಹೆಚ್ಚು ವರ್ಷ ಬೆಂಬಲ ಸಿಗುತ್ತದೆ.

ಕಾಟಾಚೀಟಿ (ಗಂಗಾವತಿ)

ಸರಿ ಸಿದ್ದಣ್ಣಾ. ಕೊನೆಯದೊಂದು. ಮನೆ ಡಬ್ಬದಲ್ಲಿ ಅಪ್‌ಡೇಟ್ ಆದ ಮೇಲೆ ಪೂಲ್ (ಝಡ್‌ಎಫ್‌ಎಸ್ ಒಟ್ಟಿಗೆ ಹಿಡಿದ ಡಿಸ್ಕ್‌ಗಳು) ಹೇಗಿದೆ ನೋಡಲು ಝಡ್‌ಪೂಲ್ ಸ್ಟೇಟಸ್ ಕೊಟ್ಟರೆ "ಕೆಲವು ಹೊಸ ಫೀಚರ್ ಆನ್ ಆಗಿಲ್ಲ, ಪೂಲ್ ಅಪ್‌ಗ್ರೇಡ್ ಮಾಡಿ" ಅನ್ನುವ ಅರ್ಥದ ಸಾಲು ಬರುತ್ತಿದೆ. ಆಫೀಸಲ್ಲೂ ಬಂದರೆ ಮಾಡಿಬಿಡಲಾ?

ಹತ್ತಿಮಿಲ್ಲಿನವಳು (ರಾಯಚೂರು)

ಮಾಡಬೇಡಿ. ಅದು ತಪ್ಪು ಸಂದೇಶ ಅಲ್ಲ, ಅವಸರವೂ ಇಲ್ಲ. ಒಮ್ಮೆ ಅಪ್‌ಗ್ರೇಡ್ ಮಾಡಿದರೆ ಹಿಂದಕ್ಕೆ ಬರುವುದಿಲ್ಲ. ಹಳೆಯ ಬೂಟ್ ಎನ್ವಿರಾನ್‌ಮೆಂಟ್‌ಗೆ ಆ ಪೂಲ್ ಓದಲು ಬರದೇ ಹೋಗಬಹುದು, ನೀವು ಪುಟದಲ್ಲಿ ಬರೆದ "ಹಿಂದಿನ ಸ್ಥಿತಿಗೆ" ಅನ್ನುವುದೇ ಹೋಗುತ್ತದೆ. ಡಿಸ್ಕ್ ತೆಗೆದು ಉಬುಂಟು ಡಬ್ಬಕ್ಕೆ ಹಾಕಿ ಓದುವ ದಾರಿಯೂ ಮುಚ್ಚಬಹುದು. ಸುಗ್ಗಿ ಮುಗಿಯಲಿ, ಎರಡೂ ಕಡೆ ಝಡ್‌ಎಫ್‌ಎಸ್ ಆವೃತ್ತಿ ನೋಡಿಕೊಂಡು ಆಮೇಲೆ ಮಾಡಿ. ಆಗಲೂ ಮೊದಲು ಬೂಟ್‌ಲೋಡರ್ (ಓಎಸ್ ಎಬ್ಬಿಸುವ ಪ್ರೋಗ್ರಾಂ) ಹೊಸದು ಹಾಕಿ, ನಂತರ ಪೂಲ್. ನೋಟ್‌ಬುಕ್ಕಿನಲ್ಲಿ ಈ ಸಾಲನ್ನು ಕೆಂಪು ಇಂಕಿನಲ್ಲಿ ಬರೆದಿಡಿ, ಗುಮಾಸ್ತರು ಈಗ ಎಲ್ಲವನ್ನೂ ಒತ್ತಿ ನೋಡುವ ಉಮೇದಿನಲ್ಲಿರುತ್ತಾರೆ.